ನಿಲ್ಲದ ಶ್ರೀ

"ಎಷ್ಟಾಯ್ತು ಅಂತ ಮಾತ್ರ ಕೇಳ್ಬೇಡಿ ಗುರುಗಳೇ. ಒತ್ತಕ್ಷರ ಒತ್ತೀ ಒತ್ತೀ ಬೆರಳು ಸೋತ್ವು. ಒಂದು 'ಕ್ಷ'ಕ್ಕೆ ಮೂರು ಕೀ!"

ಹೊಳೆ ದಂಡೆಯ ಆಶ್ರಮದ ಜಗಲಿಯಲ್ಲಿ ಚಂದ್ರಮೌಳಿ ಲ್ಯಾಪ್‌ಟಾಪ್ ಮುಂದೆ ಕೂತು ಗೊಣಗ್ತಿದ್ದ. ಎದುರಿಗೆ ಗುರುಗಳು, ಸದಾಶಿವ ಅವಧಾನಿಗಳು.

ಅವರು ಜನ್ಮವಿಡೀ ಯೋಚಿಸಿ ಕಟ್ಟಿದ ಭಾಷ್ಯ ತಲೆಯಲ್ಲೇ ಇತ್ತು, ಎಲ್ಲೂ ಬರೆದಿರ್ಲಿಲ್ಲ. ಈಗ ಮರೆವು ಶುರುವಾಗಿತ್ತು, ಅದಕ್ಕೇ ಶಿಷ್ಯ ಬರ್ಕೊಳ್ಳೋಕೆ ಕೂತಿದ್ದ. ಊಟ ಆಗಿದ್ದು ಮರೀತಿದ್ರು. ಅದು ಪರವಾಗಿಲ್ಲ, ಇನ್ನೊಂದು ಸಲ ಕೂರ್ತಿದ್ರು. ಭಾಷ್ಯಕ್ಕೆ ಎರಡನೇ ಪಂಕ್ತಿ ಇರ್ಲಿಲ್ಲ.

"ಸ್ವಲ್ಪ ತಾಳಿ. ಈ ಟೈಪ್ ಮಾಡೋ ಸಾಫ್ಟ್‌ವೇರ್‌ಗೆ ಒಂದು ಪುಟ್ಟ ಪ್ರೋಗ್ರಾಂ ಬರೀತಿದೀನಿ. ಒಂದು ಕೀ ಒತ್ತಿದ್ರೆ ಪೂರ್ತಿ ಪದ ಬೀಳುತ್ತೆ. ನೀವು ಹೇಳೋಕಿಂತ ಬೇಗ ಬರ್ಕೊಳ್ತೀನಿ."

"ನಾನು ಹೇಳೋಕಿಂತ ಬೇಗ ಏನು ಬರ್ಕೊಳ್ತೀಯೋ?"

ಚಂದ್ರಮೌಳಿಗೆ ಕೇಳಿಸ್ಲಿಲ್ಲ.

ಮಳೆಗಾಲ ಪೂರ್ತಿ ಅವನು ಕೀಗಳಿಗೆ ಪದ ಕಟ್ಟಿದ. ಗುರುಗಳು ಪಕ್ಕದಲ್ಲಿ ಕೂತು ಭಾಷ್ಯ ಹೇಳ್ಕೊಳ್ತಿದ್ರು.

"ಸುಮ್ನಿರಿ ಗುರುಗಳೇ, ತಪ್ಪಾಗುತ್ತೆ."

ಸುಮ್ಮನಾದ್ರು.

ಕೊನೆಗೊಂದು ಬೆಳಿಗ್ಗೆ ಅವನಂದ, "ಎಲ್ಲ ಸಿದ್ಧ. ಹೇಳಿ."

"ಗುರು ಅಂದ್ರೆ..."

ಚಂದ್ರಮೌಳಿ ಕೀ ಒತ್ತಿದ. ಪರದೆ ಮೇಲೆ ಒಂದು ಶ್ರೀ ಬಂತು. ಇನ್ನೊಂದು ಶ್ರೀ. ಶ್ರೀ ಶ್ರೀ ಶ್ರೀ ಅಂತ ಪುಟವೇ ತುಂಬ್ತು. ಅವನು ವೈರ್ ಕಿತ್ತ. ಬ್ಯಾಟರಿ ಇತ್ತು, ನಿಲ್ಲಲಿಲ್ಲ.

"ಏನಾಯ್ತೋ?"

"'ಗುರು' ಅಂತ ಬಂದ ಕಡೆ 'ಶ್ರೀ ಗುರು' ಮಾಡು ಅಂದಿದ್ದೆ. ಅದರೊಳಗೂ ಗುರು ಇದ್ದಾರಲ್ಲ, ಅವರಿಗೂ ಶ್ರೀ ಹಾಕ್ತು. ಆಮೇಲೆ ಆ ಗುರುವಿಗೂ..."

ಗುರುಗಳು ನಕ್ಕರು. "ಮರ್ಯಾದೆ ಕೊಟ್ಟೂ ಕೊಟ್ಟೂ ಗುರುವನ್ನ ಬಾಯಿ ಬಿಡೋಕೇ ಬಿಡ್ಲಿಲ್ಲ ಅನ್ನು."

"ಇದೊಂದು ಸರಿ ಮಾಡ್ಕೊಂಡ್ಬಿಡ್ತೀನಿ, ತಾಳಿ."

ಸರಿಯಾಗೋ ಹೊತ್ತಿಗೆ ದೀಪಾವಳಿ ಕಳೀತು.

"ಈಗ ಹೇಳಿ ಗುರುಗಳೇ. ಗುರು ಅಂದ್ರೆ?"

ಗುರುಗಳು ಹೊಳೆ ನೋಡಿದ್ರು. ಅವನನ್ನ ನೋಡಿದ್ರು.

"ಕ್ಷಮಿಸಿ, ತಾವು ಯಾರು ಅಂತ ಗೊತ್ತಾಗ್ಲಿಲ್ಲ."

ಇಷ್ಟು ವರ್ಷದಲ್ಲಿ ಅವರು ಅವನಿಗೆ ಬಹುವಚನ ಹಾಕಿದ್ದು ಅದೇ ಮೊದಲು.

"ನಾನು ಚಂದ್ರಮೌಳಿ. ನಿಮ್ಮ ಭಾಷ್ಯ, ಗುರುಗಳೇ..."

"ಓ, ಭಾಷ್ಯ. ಒಳ್ಳೇದು. ಯಾರು ಬರೆದದ್ದು?"

ಕೀಗಳೆಲ್ಲ ಸರಿಯಾಗಿ ಕೆಲಸ ಮಾಡ್ತಿದ್ವು.

ಮನೆಗೆ ಬಂದು ಹೆಂಡತಿ ವಿಶಾಲಾಕ್ಷಿಗೆ ಮೊದಲಿಂದ ಕೊನೇತನಕ ಹೇಳಿದ. ಅವಳು ಅನ್ನ ಬಡಿಸ್ತಾ ಎಲ್ಲ ಕೇಳಿಸ್ಕೊಂಡ್ಲು. ಸೌಟು ಪಾತ್ರೆಯಲ್ಲಿಟ್ಟು ಅಂದ್ಲು:

"ಅಲ್ಲಾ ರೀ, ಅಲ್ಲಿ ಒಂದು ಪೆನ್ನೂ ಇರ್ಲಿಲ್ವಾ?"