ಆನೆಯಜ್ಜಿಯ ಮೊದಲ ಗಡಿಗೆ

ಮಕ್ಕಳೇ, ಕಲ್ಲುಹಳ್ಳದ ಕಾಡಿನಲ್ಲಿ ಒಂದು ಹಿಪ್ಪೆಮರವಿತ್ತು. ಮರ ಅಂದರೆ ಅದು ಮರ! ಕಾಡಿನ ಕರಡಿಗಳೆಲ್ಲ ಕೈಕೈ ಹಿಡಿದು ನಿಂತರೂ ಅದರ ಬುಡವನ್ನು ತಬ್ಬಲಾಗುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಮೈತುಂಬ ಹೂ ಬಿಡುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ನೆಲವೇ ಕಾಣದಷ್ಟು ಹೂ ಉದುರಿರುತ್ತಿತ್ತು. ಅದರ ಘಮ ಆಚೆ ಗುಡ್ಡದವರೆಗೂ ಹೋಗುತ್ತಿತ್ತು.

ಆ ಮರದ ಕೆಳಗೆ ಕೆಂಚಪ್ಪ ಎಂಬ ಕರಡಿಯ ಅಂಗಡಿ. ಎಂಥ ಅಂಗಡಿ ಅಂತೀರಾ? ಹೆಂಡದಂಗಡಿ! ಮೂಗು ಮುರಿಯಬೇಡಿ, ಕಾಡಿನವರ ವ್ಯವಹಾರ ಕಾಡಿನವರಿಗೆ. ಕೆಂಚಪ್ಪ ಹಿಪ್ಪೆ ಹೂಗಳನ್ನು ಗಡಿಗೆಗೆ ತುಂಬಿ, ಬಂಡೆಸಂದಿನ ಗುಂಡಿಯಿಂದ ನೀರು ಮೊಗೆದು ಹಾಕಿ, ಹುಳಿ ಬರಲು ಬಿಡುತ್ತಿದ್ದ. ಸಂಜೆಯಾದರೆ ಕಾಡುಹಂದಿ, ಮುಳ್ಳುಹಂದಿ, ಪುನುಗುಬೆಕ್ಕು ಎಲ್ಲರೂ ಗೆಡ್ಡೆಯನ್ನೋ ಜೇನಿನ ತುಂಡನ್ನೋ ಕೊಟ್ಟು, ದೊನ್ನೆ ತುಂಬ ಕುಡಿದು, ಕಾಡಿನ ಸುದ್ದಿಯನ್ನೆಲ್ಲ ಮಾತಾಡಿ ಹೋಗುತ್ತಿದ್ದರು.

ಅಂಗಡಿ ಕೆಂಚಪ್ಪನ ಅಪ್ಪನ ಕಾಲದ್ದು. ಸಾಯುವ ಮುಂಚೆ ಅಪ್ಪ ಹೇಳಿದ್ದು ಒಂದೇ ಮಾತು: "ಮೊದಲ ಗಡಿಗೆ ಆನೆಯಜ್ಜಿಗೆ ಮಗಾ. ಉಳಿದದ್ದು ವ್ಯಾಪಾರಕ್ಕೆ."

ಅಪ್ಪನ ಕಾಲದಿಂದಲೂ ಆನೆಯಜ್ಜಿ ದಿನವೂ ಬಂದು ಆ ಗಡಿಗೆ ಕುಡಿದು ಹೋಗುತ್ತಿದ್ದಳು. ಅಬ್ಬಾ, ಅದೇನು ಮೈ! ಆದರೂ ಕಾಲಡಿಯ ಒಣ ಎಲೆ ಸದ್ದು ಮಾಡುತ್ತಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ನಿಂತಿರುತ್ತಿದ್ದಳು. ಅಪ್ಪ ಎದ್ದು ಕೈಮುಗಿಯುತ್ತಿದ್ದ. ಪುಟ್ಟ ಕೆಂಚಪ್ಪ ಬಾಯಿ ಮುಚ್ಚುವುದನ್ನೂ ಮರೆತು ನೋಡುತ್ತಿದ್ದ. ದೊಡ್ಡವನಾಗಿ ಅಂಗಡಿ ಕೈಗೆ ಬಂದ ಮೇಲೆ ಅವನ ಕಣ್ಣು ಅಜ್ಜಿಯನ್ನು ಬಿಟ್ಟು ಖಾಲಿಯಾಗುವ ಗಡಿಗೆಯ ಮೇಲೆ ನೆಟ್ಟಿತು.

ಒಂದು ವರ್ಷ ಹೂ ಕಡಿಮೆಯಾಯಿತು. "ಹೀಗೇ ಆದರೆ ಅಪ್ಪನ ಅಂಗಡಿಯನ್ನ ನನ್ನ ಕೈಯಾರೆ ಮುಚ್ಚಬೇಕಾಗುತ್ತಲ್ಲಪ್ಪಾ!" ಎಂದು ಕೆಂಚಪ್ಪ ತಲೆ ಮೇಲೆ ಕೈಹೊತ್ತು ಕೂತ.

ಆಗ ಬಂದ ಚೆಲುವಯ್ಯ ಎಂಬ ಮುಂಗುಸಿ. "ಅಯ್ಯೋ ಕೆಂಚಪ್ಪಣ್ಣ, ಇಷ್ಟಕ್ಕೆಲ್ಲ ಅಳ್ತಾರಾ? ಖರ್ಚು ಇಳಿಸೋದು ನನಗೆ ಬಿಡು. ದಿನಕ್ಕೊಂದು ದೊನ್ನೆ ಹೆಂಡ ಕೊಟ್ಟರೆ ಸಾಕು."

ಮುಂಗುಸಿ ಮೂಲೆಮೂಲೆ ಮೂಸಿದ. "ಈ ಗಡಿಗೆ ಸೋರ್ತಿದೆ, ಮೇಣ ಮೆತ್ತು. ಒಂದು ಸಲ ಕುಡಿದು ದೊನ್ನೆ ಎಸೆಯೋದ್ಯಾಕೆ? ಸೋರೆಬುರುಡೆ ಇಡು, ತೊಳೆದು ತೊಳೆದು ಕೊಡು."

ಒಳ್ಳೆಯ ಮಾತೇ. ಕೆಂಚಪ್ಪ ಹಾಗೇ ಮಾಡಿದ, ಖರ್ಚು ಸ್ವಲ್ಪ ಇಳಿಯಿತು. ಮುಂಗುಸಿಯ ಮೇಲೆ ಎಲ್ಲಿಲ್ಲದ ನಂಬಿಕೆ ಬಂತು.

"ಈಗ ದೊಡ್ಡ ತೂತಿಗೆ ಬರೋಣ," ಎಂದ ಚೆಲುವಯ್ಯ. "ಆ ಆನೆಯಜ್ಜಿ ಯಾವತ್ತಾದ್ರೂ ಒಂದು ಗೆಡ್ಡೆ ತಂದಿದ್ದಾಳಾ?"

"ಇಲ್ಲ."

"ಮತ್ತೆ ಗಡಿಗೆಗಟ್ಟಲೆ ಯಾಕೆ ಕೊಡ್ತೀಯ?"

"ಅಪ್ಪ ಹೇಳಿದ್ದ."

"ಯಾಕೆ ಅಂತ ಹೇಳಿದ್ನಾ?"

ಅಪ್ಪನನ್ನು ಕೆಂಚಪ್ಪ ಅದನ್ನು ಕೇಳಿಯೇ ಇರಲಿಲ್ಲ.

ಆ ಸಂಜೆ ಆನೆಯಜ್ಜಿ ಬಂದಾಗ ಅವನು ನೆಲ ನೋಡುತ್ತ ಹೇಳಿದ: "ಅಜ್ಜಿ, ಕಾಲ ಕೆಟ್ಟಿದೆ. ಎಲ್ಲರೂ ಏನಾದ್ರೂ ತರ್ತಾರೆ. ನೀನು ಮಾತ್ರ ಬರಿ ಸೊಂಡಿಲಲ್ಲಿ ಬರ್ತೀಯ. ಇನ್ಮೇಲೆ ಪುಕ್ಕಟೆ ಕೊಡೋಕಾಗಲ್ಲ."

"ಆಗಲಿ ಮಗಾ," ಎಂದಳು ಅಜ್ಜಿ. ಬಂದಂತೆಯೇ ಸದ್ದಿಲ್ಲದೆ ತಿರುಗಿ ಹೋದಳು.

ಸ್ವಲ್ಪ ದಿನ ವ್ಯಾಪಾರ ಜೋರಾಗಿಯೇ ನಡೆಯಿತು. ಆಮೇಲೆ ಬಂಡೆಸಂದಿನ ಗುಂಡಿಯಲ್ಲಿ ನೀರು ಇಳಿಯಿತು. ಇನ್ನೂ ಇಳಿಯಿತು. ಕೊನೆಗೆ ಬರೀ ರಾಡಿ.

"ಏನಪ್ಪಾ, ಇದು ಹೆಂಡವೋ ಕೆಸರೋ?" ಎಂದು ಕಾಡುಹಂದಿಯೇ ಬುರುಡೆ ಕೆಳಗಿಟ್ಟಿತು. ಕೆಸರಲ್ಲೇ ಹೊರಳಾಡುವ ಹಂದಿ ಹಾಗಂದರೆ ಇನ್ನೇನು ಉಳಿಯಿತು ಹೇಳಿ! ಒಬ್ಬೊಬ್ಬರಾಗಿ ಎಲ್ಲರೂ ಬರುವುದು ಬಿಟ್ಟರು.

"ಹಾಗಾದ್ರೆ ನೀರು ಕಡಿಮೆ ಹಾಕು. ಅದೂ ಉಳಿತಾಯವೇ!" ಎಂದ ಚೆಲುವಯ್ಯ.

ಕೆಂಚಪ್ಪನಿಗೆ ಅಳುವೇ ಬಂತು. ಅಷ್ಟಕ್ಕೂ ಈ ಗುಂಡಿಗೆ ನೀರು ಎಲ್ಲಿಂದ ಬರುತ್ತಿತ್ತು? ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಇದನ್ನು ಯೋಚಿಸಿದ. ಮರುದಿನ ನಸುಕಿನಲ್ಲೇ ಗುಂಡಿಯ ಪಕ್ಕದ ಒಣಗಿದ ಹಳ್ಳದ ಗುಂಟ ಮೇಲಕ್ಕೆ ನಡೆದ.

ತಿರುವಿನಲ್ಲಿ, ಮರಳಿನ ನಡುವೆ ಒಂದು ದೊಡ್ಡ ಹೊಂಡ ಕುಸಿದುಬಿದ್ದಿತ್ತು. ಸುತ್ತ ಮೊರದಗಲದ ಹೆಜ್ಜೆಗಳು. ಅವು ಆನೆಯಜ್ಜಿಯವೇ ಎಂದು ಕೆಂಚಪ್ಪನಿಗೆ ಗೊತ್ತಾಯಿತು. ಆ ಹೆಜ್ಜೆಗಳನ್ನೇ ಹಿಡಿದು ಗುಡ್ಡ ಹತ್ತಿ ಆಚೆಯ ಹಳ್ಳಕ್ಕೆ ಇಳಿದ.

ಬೆಳಗಿನ ಬಿಸಿಲು ಆಗಷ್ಟೇ ಮರಳನ್ನು ಮುಟ್ಟಿತ್ತು. ಜಿಂಕೆಗಳು, ಕಾಡುಕೋಣಗಳು, ನವಿಲುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಅತ್ತ ದಡದಲ್ಲಿ ಹುಲಿಯೂ ಬಾಲ ಮಡಚಿ ಕೂತಿತ್ತು. ಯಾರೂ ಯಾರ ತಂಟೆಗೂ ಹೋಗಲಿಲ್ಲ. ಎಲ್ಲರ ನಡುವೆ ಆನೆಯಜ್ಜಿ ಕಣ್ಣು ಮುಚ್ಚಿ, ಒಂದು ಕಾಲನ್ನು ಮರಳಿನ ಮೇಲೆ ಮೆಲ್ಲಗೆ ಊರಿ, ನೆಲದೊಳಗಿನ ಮಾತನ್ನು ಕೇಳುತ್ತಿದ್ದಳು.

ಒಂದು ಹೆಜ್ಜೆ ಸರಿದಳು. ಮತ್ತೆ ಕೇಳಿದಳು. ಆಮೇಲೆ ಕಾಲಿನಿಂದ ತೋಡತೊಡಗಿದಳು.

ಬಿಳಿ ಮರಳು ಕಪ್ಪಾಯಿತು. ಕಪ್ಪು ಮರಳು ಹೊಳೆಯಿತು. ನೋಡನೋಡುತ್ತಲೇ ಆ ಒಣ ಹಳ್ಳದ ಹೊಟ್ಟೆಯಿಂದ ನೀರು ಎದ್ದು ಬಂತು! ತಣ್ಣನೆಯ, ತಿಳಿಯಾದ ನೀರು. ಅದರೊಳಗೆ ಇಡೀ ಆಕಾಶ ಬಂದು ಕೂತಿತು.

ಕೆಂಚಪ್ಪನ ಮೈಯ ರೋಮವೆಲ್ಲ ಎದ್ದು ನಿಂತಿತು. ಅಪ್ಪ ಯಾಕೆ ಕೈಮುಗಿಯುತ್ತಿದ್ದ ಎಂದು ಅವನಿಗೆ ಆಗ ತಿಳಿಯಿತು. ಅವನ ಕೈಗಳೂ ತಾವಾಗಿಯೇ ಜೋಡಿಕೊಂಡವು.

"ಅಜ್ಜಿ, ನಮ್ಮ ತಿರುವಿನ ಹೊಂಡ ತೋಡ್ತಿದ್ದೋಳು ನೀನೇನಾ?"

"ಇನ್ಯಾರು ಮಗಾ? ನಿನ್ನ ಗಡಿಗೆಗೆ ಬರೋ ದಾರಿ ಅದು. ದಾರೀಲಿ ಬಾಯಾರ್ತಿತ್ತು, ತೋಡ್ತಿದ್ದೆ. ಕುಡಿದು ಮಿಕ್ಕಿದ್ದು ಮರಳೊಳಗೆ ಹರಿದು ನಿನ್ನ ಬಂಡೆಸಂದಿಗೆ ಬರ್ತಿತ್ತು. ಆ ಗಡಿಗೆ ಇಲ್ಲ ಅಂದ್ಮೇಲೆ ಆ ದಾರೀಲಿ ನನಗೇನು ಕೆಲಸ?"

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅಜ್ಜಿ?"

ಅಜ್ಜಿ ಕಿವಿ ಬೀಸಿ ನಕ್ಕಳು. "ಬರಿ ಸೊಂಡಿಲಲ್ಲಿ ಬಂದೆ ಅಂದ್ಯಲ್ಲೋ. ನಾನು ಸೊಂಡಿಲಲ್ಲಿ ಏನನ್ನೂ ತರ್ತಿರಲಿಲ್ಲ, ಅದು ನಿಜವೇ ತಾನೆ?"

ಕೆಂಚಪ್ಪ ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾಯ್ತು ಅಜ್ಜಿ. ಸಂಜೆ ಮೊದಲ ಗಡಿಗೆ ಇಟ್ಟಿರ್ತೀನಿ. ಬರೋದು ಬಿಡೋದು ನಿನ್ನಿಷ್ಟ."

ಅಂಗಡಿಯಲ್ಲಿ ಉಳಿದಿದ್ದುದೇ ಒಂದು ಗಡಿಗೆ ಹಳೆಯ ಹೆಂಡ. ಅದನ್ನೇ ಅಂಗಡಿ ಮುಂದಿನ ಚಪ್ಪಡಿಕಲ್ಲಿನ ಮೇಲಿಟ್ಟ.

"ಹುಚ್ಚು ಹಿಡೀತಾ? ಇರೋದೊಂದನ್ನೂ ಪುಕ್ಕಟೆ ಕೊಡ್ತೀಯಾ?" ಎಂದು ಚೆಲುವಯ್ಯ ಕುಣಿದಾಡಿದ.

"ಸುಮ್ನೆ ಕೂತ್ಕೊ," ಎಂದ ಕೆಂಚಪ್ಪ.

ಹೊತ್ತು ಮುಳುಗುತ್ತ ಬಂತು. ದಾರಿ ಖಾಲಿಯಿತ್ತು. ಬರುವುದಿಲ್ಲ, ಇನ್ನು ಬರುವುದೇ ಇಲ್ಲ ಎಂದು ಕೆಂಚಪ್ಪ ತಲೆ ತಗ್ಗಿಸಿದ. ಆಗಲೇ ಬಂಡೆಸಂದಿನಲ್ಲಿ ಏನೋ ಮಿಸುಕಿದಂತಾಯಿತು. ನೂಲಿನಷ್ಟು ಸಣ್ಣ ನೀರು ರಾಡಿಯನ್ನು ಸರಿಸುತ್ತ ಒಳಗೆ ಬರುತ್ತಿತ್ತು.

ತಲೆ ಎತ್ತಿದ. ಎದುರಿಗೆ ಆನೆಯಜ್ಜಿ ನಿಂತಿದ್ದಳು, ಕಾಲ ತುಂಬ ಹಸಿ ಮರಳು.

ಎಲ್ಲದಕ್ಕೂ "ಇದರಿಂದ ಲಾಭವೇನು?" ಎಂದು ಕೇಳುತ್ತಿದ್ದ ಮುಂಗುಸಿ ಆ ನೀರನ್ನೂ ಆ ಕಾಲನ್ನೂ ನೋಡುತ್ತ ಬಾಯಿ ತೆರೆದುಕೊಂಡು ಕೂತುಬಿಟ್ಟ. ಕೆಂಚಪ್ಪ ಗುಂಡಿಯ ಬಳಿ ಕೂತ. ನೀರು ತಿಳಿಯಾಗುವವರೆಗೆ ಕಾದು, ಮೊದಲ ಬೊಗಸೆ ಮೊಗೆದು, ನಾಳೆಯ ಮೊದಲ ಗಡಿಗೆಗೆ ಹಾಕಿದ.

ನೀತಿ: ಒಂದು ಖರ್ಚನ್ನು ನಿಲ್ಲಿಸುವ ಮುನ್ನ ಅದು ನಮಗೆ ಏನನ್ನು ತಂದುಕೊಡುತ್ತಿದೆ ಎಂದು ಅದರ ಮೂಲದವರೆಗೂ ಹೋಗಿ ನೋಡಬೇಕು.