ಕುಚ್ಚು ಮೀನು ಉಸಿರಿಗೆ ಮೇಲೇಳುವುದೇಕೆ

ಆ ಮೀನಿನ ಹೆಸರು… ಕೊರವ ಅಂತಿದ್ದರೋ, ಕೊರಚ… ಅಲ್ಲ, ಅಲ್ಲ. ನಾಲಗೆಯ ತುದಿಗೆ ಬಂದು ಮತ್ತೆ ಮುಳುಗುತ್ತದೆ. ಹಾವಿನಂಥ ತಲೆ, ಕೆಸರಿನ ಬಣ್ಣ, ಮೈಮೇಲೆ ಮಚ್ಚೆ. ಹಾಂ, ಕುಚ್ಚು! ನಮ್ಮ ಕಡೆ ಕುಚ್ಚು ಮೀನು ಅಂತಿದ್ದರು ಮಗಾ.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಟ್ಟಗಳು ಇನ್ನೂ ಹಸಿ ಮಣ್ಣು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳುತ್ತ ಹರಿಯುತ್ತಿದ್ದವು.

ಬಯಲಿನ ನಡುವೆ ಒಂದು ಕೆರೆ ಇತ್ತು. ಕೆರೆಯ ತಳದಲ್ಲಿ ಒಂದು ಬಾಯಿ ಇತ್ತು. ಅದಕ್ಕೆ ಹಲ್ಲಿಲ್ಲ, ನಾಲಗೆಯಿಲ್ಲ, ಬರೀ ದಾಹ. "ಇನ್ನೊಂದು ಗುಟುಕು, ಇನ್ನೊಂದು ಗುಟುಕು" ಎಂದು ಅದು ಕತ್ತಲೊಳಗೆ ಗೊಣಗುತ್ತಲೇ ಇರುತ್ತಿತ್ತು. ಎಮ್ಮೆ ಇಳಿದರೆ ಎಮ್ಮೆ ಹೋಯಿತು. ಮರ ಉರುಳಿದರೆ ಮರ ಹೋಯಿತು. ಹೋದದ್ದು ತಿರುಗಿ ಬರಲಿಲ್ಲ.

ಆ ದಡದಲ್ಲಿ ಹುಲಿಗೆವ್ವ, ಅವಳ ಗಂಡ ದ್ಯಾವ ಇದ್ದರು. ಅಲ್ಲಿಯವರೆಗೆ ಜನ ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದರು. ಹುಲಿಗೆವ್ವ ಬೇಸಿಗೆಯೆಲ್ಲ ಕೂತು, ಪುಂಡಿ ಗಿಡದ ನಾರು ಹೊಸೆದು, ಅಂಚಿಗೆ ಸುಟ್ಟ ಮಣ್ಣಿನ ಗುಂಡು ಕಟ್ಟಿ, ಲೋಕದ ಮೊದಲ ಬೀಸುಬಲೆ ಮಾಡಿದಳು.

ಮೊದಲ ಸಲ ಬೀಸುವ ಹೊತ್ತು. ಬಲೆಯ ಹಗ್ಗದ ತುದಿಯನ್ನು ದ್ಯಾವ ಮಣಿಕಟ್ಟಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದ.

"ಏ ದ್ಯಾವ, ಜಾರುಗಂಟು ಹಾಕ್ಕೋ" ಎಂದಿತು ಗಾಳಿ. "ಎಳೆದರೆ ಬಿಚ್ಚಬೇಕು."

"ಬಿಚ್ಚಿ ಹೋದರೆ ಬಲೆ ನಿಮ್ಮಪ್ಪ ತಂದು ಕೊಡ್ತಾನೇನು?" ಎಂದ ದ್ಯಾವ.

ಹುಲಿಗೆವ್ವ ನಕ್ಕಳು. "ನಿನಗೆ ಅಪ್ಪನಾದರೂ ಇದ್ದಾನೇನೇ ಗಾಳೀ?" ಎಂದು ತಾನೂ ಚುಚ್ಚಿದಳು. ಗಾಳಿ ಮುನಿಸಿಕೊಂಡು ಹೋಯಿತು. ಕೆರೆ ಅಲುಗದೆ ನಿಂತಿತು.

ದ್ಯಾವ ಸೊಂಟದ ಮಟ್ಟ ನೀರಿಗಿಳಿದು ಬೀಸಿದ. ಬಲೆ ಹುಣ್ಣಿಮೆಯ ಚಂದ್ರನಂತೆ ಅರಳಿ ಬಿತ್ತು. ಕುಚ್ಚು ಮೀನಿನ ಮರಿಗಳೆಲ್ಲ, ಸಾಸಿವೆ ಚೆಲ್ಲಿದಷ್ಟು ಮರಿಗಳು, ಅದರೊಳಗೆ ಸಿಕ್ಕವು.

ಬಲೆ ಮುಳುಗಿತು. ಇನ್ನೂ ಮುಳುಗಿತು. ಕೆಳಗಿನಿಂದ ಮಾತು ಕೇಳಿತು: "ಇನ್ನೊಂದು ಗುಟುಕು."

ಹಗ್ಗ ಬಿಗಿಯಿತು. ದ್ಯಾವ ಎಡಗೈಯಿಂದ ಗಂಟು ಬಿಚ್ಚಲು ನೋಡಿದ. ನೆನೆದ ನಾರು ಇನ್ನೂ ಬಿಗಿಯಾಯಿತು. "ಹುಲಿಗೀ!" ಎಂದ. ಮತ್ತೆ ಅವನಿದ್ದ ಕಡೆ ಗುಳ್ಳೆಗಳು ಮಾತ್ರ.

ಹುಲಿಗೆವ್ವ ನೀರಿನಂಚಿಗೆ ಓಡಿದಳು. ಆಗ ತಾಯಿ ಕುಚ್ಚು ನೀರಿನಿಂದ ತಲೆ ಎತ್ತಿತು.

"ನಿನ್ನ ಗಂಡ ಬಾಯಿಯ ಅಂಚಿನಲ್ಲಿ ತೂಗಾಡ್ತಿದ್ದಾನೆ. ನನ್ನ ಮಕ್ಕಳು ಬಲೆಯೊಳಗಿದ್ದಾರೆ. ಬಲೆ ಒಳಗೆ ಹೋಯ್ತೋ, ಎಲ್ಲರೂ ಹೋದರು."

"ಅವನಿಗೆ ಉಸಿರು?" ಎಂದಳು ಹುಲಿಗೆವ್ವ.

"ನಾನು ಒಯ್ತೀನಿ. ಆದರೆ ಮೊದಲು ಬಲೆ ಕೊಯ್ಯಿ, ಆಮೇಲೆ ಹಗ್ಗ. ಗಂಡ ಕೈಗೆ ಸಿಕ್ಕಮೇಲೆ ನೀನು ಹಿಂದೆ ತಿರುಗಿ ನೋಡ್ತೀಯಾ?"

ನೋಡುವುದಿಲ್ಲವೆಂದು ಹುಲಿಗೆವ್ವನಿಗೇ ಗೊತ್ತಿತ್ತು. "ಮೊದಲು ಬಲೆ" ಎಂದಳು. "ಆಣೆ."

ಕುಚ್ಚು ಬಾಯಿ ತೆರೆದು ಗಾಳಿ ನುಂಗಿತು. "ಇನ್ನೊಂದು ಉಸಿರು" ಎಂದು ಮುಳುಗಿತು. ಬಂತು, ನುಂಗಿತು, "ಇನ್ನೊಂದು ಉಸಿರು" ಎಂದು ಮತ್ತೆ ಮುಳುಗಿತು. ದ್ಯಾವನ ತುಟಿಗೆ ಒಂದೊಂದೇ ಗುಳ್ಳೆ ಒಯ್ದು ಇಟ್ಟಿತು.

ಹುಲಿಗೆವ್ವ ಹರಿತವಾದ ಕಪ್ಪೆಚಿಪ್ಪೊಂದನ್ನು ಹಲ್ಲಿನಲ್ಲಿ ಕಚ್ಚಿ ಮುಳುಗಿದಳು.

ಕೆಳಗೆ ಕತ್ತಲು. ನೀರು ಅವಳ ಸೀರೆ ಹಿಡಿದು, ಕೂದಲು ಹಿಡಿದು ಎಳೆಯಿತು. ದ್ಯಾವನ ಕಣ್ಣು ತೆರೆದಿದ್ದವು. ಅವನ ಮಣಿಕಟ್ಟು ಅವಳ ಕೈಯಳತೆಯಲ್ಲೇ ಇತ್ತು. ಬಲೆ ಇನ್ನೂ ಕೆಳಗಿತ್ತು, ಅರ್ಧ ಆ ಬಾಯಿಯೊಳಗೆ.

ಅವಳು ಗಂಡನನ್ನು ದಾಟಿ ಕೆಳಗಿಳಿದಳು.

ಬೇಸಿಗೆಯೆಲ್ಲ ಹೊಸೆದ ನಾರನ್ನು ಪರಪರ ಕೊಯ್ದಳು. ಮರಿಗಳು ಹೊರಗೆ ಚೆಲ್ಲಿದವು. ಅಷ್ಟರಲ್ಲಿ ಅವಳ ಎದೆ ಒಡೆಯುವಂತಾಯಿತು. ಕುಚ್ಚು ಅವಳ ತುಟಿಗೂ ಒಂದು ಗುಳ್ಳೆ ಇಟ್ಟಿತು. ಅದೊಂದು ಉಸಿರಲ್ಲೇ ಅವಳು ಗಂಡನಿದ್ದಲ್ಲಿಗೆ ಮೇಲೆ ಬಂದು ಹಗ್ಗ ಕೊಯ್ದಳು. ಚಿಪ್ಪು ಜಾರಿ ದ್ಯಾವನ ಮಣಿಕಟ್ಟಿಗೂ ತಾಗಿತು. ನೆತ್ತರು ಹೊಗೆಯಂತೆ ಹರಡಿತು. ಮರಿಗಳು ಆ ನೆತ್ತರಿನ ನಡುವೆಯೇ ಈಜಿ ಕೆಂಪಾಗಿ ಹೋದವು.

ಬಾಯಿ ಬಲೆಯನ್ನು ನುಂಗಿತು. ಸಿಟ್ಟಿನಿಂದ ಕೆಸರು ಉಗುಳಿತು. ಕೆರೆಯೆಲ್ಲ ಕಪ್ಪಾಯಿತು.

ದಡದಲ್ಲಿ ದ್ಯಾವ ನೀರು ಕಾರಿ ಉಸಿರಾಡಿದ. ಹುಲಿಗೆವ್ವ ಕೆರೆಯತ್ತ ತಿರುಗಿ ಕೂಗಿದಳು: "ತಾಯೀ, ಅವನು ಬಂದ! ಸಾಕು, ಇನ್ನು ಬಿಡು!"

ಆದರೆ ಕೆಸರು ಕುಚ್ಚಿನ ಕಿವಿಯಲ್ಲಿ ತುಂಬಿತ್ತು, ಕಣ್ಣಲ್ಲಿ ತುಂಬಿತ್ತು. ದ್ಯಾವ ಮೇಲೆ ಹೋದದ್ದನ್ನು ಅದು ನೋಡಲಿಲ್ಲ. ಮೇಲೆ ಬಂತು, ಗಾಳಿ ನುಂಗಿತು, ಮುಳುಗಿತು. ಸಂಜೆಯವರೆಗೆ ಹುಲಿಗೆವ್ವ ಕೂಗಿದಳು. ಕುಚ್ಚು ಬಂತು, ನುಂಗಿತು, ಮುಳುಗಿತು.

ಅದಕ್ಕೇ ನಮ್ಮವರು ಬಲೆಯ ಹಗ್ಗಕ್ಕೆ ಜಾರುಗಂಟನ್ನೇ ಹಾಕುತ್ತಾರೆ, ಕುಚ್ಚಿನ ಮರಿಗಳು ಕೆಂಪಗೆ ತೇಲುವ ಕಡೆ ಬಲೆ ಬೀಸುವುದಿಲ್ಲ. ಈ ದೂರದ ಊರಿನ ಕೆರೆಯಲ್ಲೂ ನಿನ್ನೆ ನೀನು ಕಂಡೆಯಲ್ಲ, ಗುಳುಕ್ ಎಂದು ಬಾಯಿ ತೆರೆದು ಒಂದು ಮೀನು ಮುಳುಗಿದ್ದು, ಅದು ಕೆಳಗಿನ ಕತ್ತಲಲ್ಲಿ ಇನ್ನೂ ಯಾರೋ ಕಾಯುತ್ತಿದ್ದಾರೆಂದು ಉಸಿರು ಒಯ್ಯುತ್ತಿದೆ.

ಕುಚ್ಚು ಅಂತ ಬರೆದಿಟ್ಟುಕೋ ಮಗಾ, ಹೆಸರು ಮತ್ತೆ ಮುಳುಗೀತು.