ಆಸ್ಪತ್ರೆ ಲೈನು

“ಕರೆಂಟು ಎಲ್ಲರಿಗೂ ಸಾಲದೆ ಹೋದಾಗ ಮೊದಲು ಯಾರದನ್ನು ತೆಗೆಯಬೇಕು, ಗುರುಗಳೇ?” ಎಂದು ಶಿಷ್ಯ ಕೇಳಿದ. ಅವನು ಕರೆಂಟು ಕಂಪನಿಯೊಂದರಲ್ಲಿ ಲೋಡ್ ಶೆಡ್ಡಿಂಗಿನ ಲೆಕ್ಕ ಕಟ್ಟುವವನು. ಯಾವ ಲೈನು ತೆಗೆದರೆ ಎಷ್ಟು ನಷ್ಟವೆಂದು ಒಂದೊಂದಕ್ಕೂ ಒಂದು ತೂಕ ಕೊಟ್ಟು, ಒಟ್ಟು ನಷ್ಟ ಕಡಿಮೆಯಾಗುವ ಹಾಗೆ ಕತ್ತರಿಸು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಿದ್ದ. “ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಜನ ಬೈಯುತ್ತಾರೆ.”

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಹೊಳೆಗೆ ಕಟ್ಟೆ ಹಾಕಿ, ಯಂತ್ರ ಕೂರಿಸಿ, ಊರಿಗೆ ಕರೆಂಟು ಮಾರುತ್ತಿದ್ದ. ಅವನ ಪವರ್‌ಹೌಸಿನಿಂದ ನಾಲ್ಕು ಲೈನು ಹೊರಡುತ್ತಿದ್ದವು: ಆಸ್ಪತ್ರೆಗೆ, ಅಕ್ಕಿ ಗಿರಣಿಗೆ, ಪೇಟೆಗೆ, ನೇಕಾರರ ಕೇರಿಗೆ. ಬೇಸಿಗೆಯಲ್ಲಿ ಹೊಳೆ ಇಳಿದರೆ ನಾಲ್ಕಕ್ಕೂ ಸಾಲದು. ಆದರೂ ಎಲ್ಲರಿಗೂ ಕೊಡುತ್ತೇನೆಂದು ಹಟ ಹಿಡಿದರೆ ಯಂತ್ರ ಭಾರ ತಾಳದೆ ನಿಂತು ಊರಿಗೆ ಊರೇ ಕತ್ತಲಾಗುತ್ತದೆ. ಹಾಗಾಗಿ ಅವನೂ ನಿನ್ನ ಹಾಗೆ ತೂಕ ಹಾಕಿದ. ಮೊದಲು ತೆಗೆಯುವುದು ನೇಕಾರರ ಕೇರಿ, ಆಮೇಲೆ ಪೇಟೆ, ಆಮೇಲೆ ಗಿರಣಿ. ಆಸ್ಪತ್ರೆ ಲೈನನ್ನು ಮುಟ್ಟುವ ಹಾಗಿಲ್ಲ. ಯಾರೂ ಎದುರಾಡಲಿಲ್ಲ. ಆಸ್ಪತ್ರೆಗೆ ಬೇಡ ಎನ್ನುವವರು ಯಾರು?

ವರ್ತಕನ ಮನೆ ಆಸ್ಪತ್ರೆಯ ದಾರಿಯಲ್ಲಿತ್ತು. ತಂತಿ ಬಾಗಿಲ ಮುಂದೆಯೇ ಹೋಗುತ್ತಿದೆಯಲ್ಲ ಎಂದು ಒಂದು ಎಳೆ ಒಳಕ್ಕೆ ಎಳೆಸಿಕೊಂಡ. ನಾಲ್ಕು ದೀಪ, ಒಂದು ಫ್ಯಾನು. ಅದೇನು ಮಹಾ ಭಾರ ಎಂದುಕೊಂಡ. ಅದನ್ನು ನೋಡಿ ಡಾಕ್ಟರು ತಮ್ಮ ಮನೆಗೂ ಕೇಳಿದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಮಲ್ದಾರರು ಕೇಳಿದರು. ಕೊನೆಗೆ ಅವನ ಮಗಳನ್ನು ಸೊಸೆಯಾಗಿ ತಂದುಕೊಂಡಿದ್ದ ಬೀಗರು ತಮ್ಮ ಐಸ್ ಫ್ಯಾಕ್ಟರಿಗೂ ಅದೇ ಲೈನು ಹಾಕಿಸಿಕೊಂಡರು.

ಮರುವರ್ಷ ಹೊಳೆ ತಳ ಕಂಡಿತು. ಒಂದು ಸಂಜೆ ವರ್ತಕ ಕೇರಿಯ ಸ್ವಿಚ್ಚು ಎಳೆದ, ಪೇಟೆಯದು ಎಳೆದ, ಗಿರಣಿಯದೂ ಎಳೆದ. ಆದರೂ ಪವರ್‌ಹೌಸಿನ ದೀಪ ಮಂಕಾಗಿ ಕೆಂಪಾಗುತ್ತಲೇ ಹೋಯಿತು. ಉಳಿದದ್ದು ಆಸ್ಪತ್ರೆ ಲೈನು ಒಂದೇ. ಅಲ್ಲಿ ಹೆರಿಗೆ ಕಷ್ಟವಾಗಿ, ನೇಕಾರರ ಹೆಂಗಸೊಬ್ಬಳನ್ನು ಆಗಷ್ಟೇ ಆಪರೇಷನ್ ಮೇಜಿನ ಮೇಲೆ ಮಲಗಿಸಿದ್ದರು. ದೀಪ ಆರದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಆಳು ಕಳಿಸಿದ್ದರು.

ಲೈನು ತೆಗೆದರೆ ಆಸ್ಪತ್ರೆ ಕತ್ತಲು. ತೆಗೆಯದಿದ್ದರೆ ಯಂತ್ರ ನಿಂತು, ಆಗಲೂ ಆಸ್ಪತ್ರೆ ಕತ್ತಲು. ಬೇರೆಯವರಾಗಿದ್ದರೆ ಅಲ್ಲೇ ಕೂತು ದೇವರನ್ನು ನೆನೆಯುತ್ತಿದ್ದರು. ಅವನು ವ್ಯಾಪಾರಿ. ಚೀಲದ ಮೇಲೆ ಬರೆದದ್ದೇ ಚೀಲದೊಳಗೆ ಇರುವುದಿಲ್ಲವೆಂದು ಬಲ್ಲವನು. ಆಸ್ಪತ್ರೆ ಎಂದು ಬರೆದ ಈ ಚೀಲವನ್ನಂತೂ ಅವನೇ ತುಂಬಿದ್ದ.

ಏಣಿ ಹೊರಿಸಿಕೊಂಡು ಹೊರಟ. ಮೊದಲು ತನ್ನ ಮನೆಯ ಕಂಬ ಹತ್ತಿ ಫ್ಯೂಸು ಕಿತ್ತ. ಅದರಿಂದ ಯಂತ್ರಕ್ಕೆ ಹೆಚ್ಚೇನೂ ಹಗುರಾಗದೆಂದು ಗೊತ್ತಿತ್ತು. ಆದರೆ ಅದನ್ನು ಉಳಿಸಿಕೊಂಡು ಬೇರೆಯವರ ಕಂಬ ಹತ್ತುವ ಮುಖ ಅವನಿಗಿರಲಿಲ್ಲ. ಡಾಕ್ಟರದು ಕಿತ್ತ. ಅಮಲ್ದಾರರದು ಕಿತ್ತ. ಐಸ್ ಫ್ಯಾಕ್ಟರಿಯ ಮುಂದೆ ಬೀಗರು ಏಣಿಗೆ ಅಡ್ಡ ಬಂದರು.

“ಏನ್ ಬೀಗರೇ, ಹೆಣ್ಣು ಕೊಟ್ಟ ಮನೆಗೇ ಕತ್ತಲೆ ಕೊಡ್ತೀರಾ? ಒಳಗಿರೋ ಐಸೆಲ್ಲ ನೀರಾಗುತ್ತೆ.”

“ಆಗಲಿ ಬಿಡಿ ಬೀಗರೇ. ನಮ್ಮನೇಲಿ ನಿಮ್ಮ ಬೀಗಿತ್ತಿ ಆಗಲೇ ನನಗೆ ಶಾಪ ಹಾಕ್ತಾ ಬುಡ್ಡಿ ಹುಡುಕ್ತಿದ್ದಾಳೆ. ಏಣಿ ಬಿಡಿ, ಇಲ್ಲಾ ಗಟ್ಟಿಯಾಗಿ ಹಿಡಕೊಳ್ಳಿ. ಅಲ್ಲಾಡಿಸಬೇಡಿ.”

ಬೀಗರು ಅವನ ಮುಖ ನೋಡಿದರು. ಆಮೇಲೆ ಏಣಿಯನ್ನು ಗಟ್ಟಿಯಾಗಿಯೇ ಹಿಡಿದುಕೊಂಡರು. ಫ್ಯೂಸು ಕಿತ್ತು ಕೈಗೆ ಬಂತು. ದೂರದಲ್ಲಿ ಆಸ್ಪತ್ರೆಯ ಕಿಟಕಿ ಮತ್ತೆ ಬೆಳ್ಳಗಾಯಿತು. ತಾಯಿ, ಮಗು ಇಬ್ಬರೂ ಉಳಿದರು.

ಬೆಳಗಾದ ಮೇಲೆ ದೊಡ್ಡವರೆಲ್ಲ ತಮ್ಮ ತಮ್ಮ ಫ್ಯೂಸು ಕೇಳಿಕೊಂಡು ಬಂದರು. ವರ್ತಕ ಯಾರಿಗೂ ಕೊಡಲಿಲ್ಲ. ತನ್ನ ಮನೆಯ ತಂತಿಯನ್ನು ಒಯ್ದು ನೇಕಾರರ ಕೇರಿಯ ಲೈನಿಗೆ ಸೇರಿಸಿದ. ಆ ಬೇಸಿಗೆಯಲ್ಲಿ ಕೇರಿ ಕತ್ತಲಾದಾಗಲೆಲ್ಲ ಅವನ ಮನೆಯೂ ಕತ್ತಲಾಯಿತು. ಆ ಕತ್ತಲಲ್ಲಿ ಕೂತು ಅವನು ತೂಕವನ್ನು ಮತ್ತೊಮ್ಮೆ ಹಾಕಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯ, “ನನ್ನ ಲೆಕ್ಕಕ್ಕೆ ಇನ್ನೇನು ಸೇರಿಸಬೇಕು, ಅದನ್ನು ಹೇಳಿ” ಎಂದ.

ಗುರು ಕೇಳಿದರು: “ನಿನ್ನ ಮನೆ ಯಾವ ಲೈನಿನಲ್ಲಿದೆಯಪ್ಪ?”